ನೋಡಿ ಬರೆದವನು

ಶಾಲೆಯಲ್ಲಿ ನಮಗೆಲ್ಲ ಕಲಿಸಿಕೊಟ್ಟ ಮೊದಲ ಶಿಸ್ತುಗಳಲ್ಲಿ ನೋಡಿ ಬರೆಯಬಾರದು ಎಂಬುದೂ ಒಂದು. ಪಕ್ಕದವನ ಸ್ಲೇಟನ್ನು ನೋಡಿ ಬರೆದವನಿಗೆ ಮಾಸ್ತರರ ಬೆತ್ತದ ರುಚಿ ತಪ್ಪುತ್ತಿರಲಿಲ್ಲ. ಆದರೆ ನೋಡಿ ಬರೆಯುವುದನ್ನೇ ಜೀವಮಾನದ ವ್ರತವಾಗಿ ಹಿಡಿದು, ಅದರಿಂದಲೇ ಯುರೋಪು ಖಂಡದಲ್ಲೆಲ್ಲ ಹೆಸರಾಗಿ, ಕಡೆಗೆ ಅದರ ಬೆನ್ನು ಹತ್ತಿ ಹೋಗಿ ಆರೋಗ್ಯವನ್ನೇ ಕಳಕೊಂಡ ಒಬ್ಬ ಮನುಷ್ಯನಿದ್ದನು. ಆತನು ನೋಡಿದ್ದು ಪಕ್ಕದವನ ಸ್ಲೇಟನ್ನಲ್ಲ. ಕಣ್ಣೆದುರಿಗಿದ್ದ ಹುಲ್ಲನ್ನು, ಮೊಲವನ್ನು, ತಲೆದಿಂಬನ್ನು, ಮುಪ್ಪಾದ ತಾಯಿಯ ಮುಖವನ್ನು. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ಆಲ್ಬ್ರೆಕ್ಟ್ ಡ್ಯೂರರ್ ಎಂಬ ಆ ಚಿತ್ರಕಾರನ ಕಥೆಯನ್ನು ಈ ವಾರ ವಾಚಕರ ಮುಂದಿಡಬಯಸುತ್ತೇವೆ.

ಡ್ಯೂರರ್ ಹುಟ್ಟಿದ್ದು 1471ನೇ ಇಸವಿ ಮೇ 21ರಂದು. ತಂದೆ ಅಕ್ಕಸಾಲಿ. ಆತನ ಹೆಸರೂ ಆಲ್ಬ್ರೆಕ್ಟ್ ಎಂದೇ. ಹಂಗೇರಿ ದೇಶದಿಂದ ಕಸಬು ಅರಸಿಕೊಂಡು ಬಂದು 1455ರಲ್ಲಿ ನ್ಯೂರೆಂಬರ್ಗಿನಲ್ಲಿ ನೆಲೆಸಿದವನು. ತಾನು ಕೆಲಸ ಮಾಡುತ್ತಿದ್ದ ಯಜಮಾನನ ಮಗಳು ಬಾರ್ಬರಾಳನ್ನೇ ಮದುವೆಯಾದನು. ಆ ತಾಯಿಗೆ ಹುಟ್ಟಿದ ಮಕ್ಕಳು ಒಟ್ಟು ಹದಿನೆಂಟು; ದೊಡ್ಡವರಾಗಿ ಉಳಿದವರು ಮೂವರೇ ಗಂಡುಮಕ್ಕಳು. ಈ ಲೆಕ್ಕ ನಮಗೆ ಗೊತ್ತಾಗುವುದು ಡ್ಯೂರರನೇ ಮುಂದೆ ಬರೆದಿಟ್ಟ ಮನೆತನದ ಟಿಪ್ಪಣಿಯಿಂದ. ಒಂದೊಂದು ಮಗು ಹುಟ್ಟಿದ ದಿನವನ್ನೂ ಗಳಿಗೆಯನ್ನೂ ತಂದೆ ಗುರುತು ಮಾಡಿಟ್ಟಿದ್ದನು, ಮಗನು ಅದನ್ನು ಪ್ರತಿಮಾಡಿ ಕಾಪಾಡಿದನು. ಕಂಡದ್ದನ್ನು ದಾಖಲೆ ಮಾಡುವ ಅಭ್ಯಾಸ ಆ ಮನೆಯದೇ ಎಂದು ತೋರುತ್ತದೆ.

ಮಗನನ್ನೂ ಅಕ್ಕಸಾಲಿಯಾಗಿ ಮಾಡಬೇಕೆಂದು ತಂದೆ ತನ್ನ ಕಮ್ಮಟದಲ್ಲಿ ಕೂರಿಸಿದನು. ಅಲ್ಲಿ ಕಲಿತ ಕೈಹದ ಡ್ಯೂರರನಿಗೆ ಕೊನೆಯವರೆಗೂ ಉಪಕಾರಕ್ಕೆ ಬಂತು. ಲೋಹದ ಮೇಲೆ ಉಳಿಯನ್ನು ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದು ಅಕ್ಕಸಾಲಿಯ ಮಕ್ಕಳಿಗೆ ಬೆರಳಿನಲ್ಲೇ ಬಂದಿರುತ್ತದೆ.

1484ರಲ್ಲಿ, ಹದಿಮೂರರ ಪ್ರಾಯದಲ್ಲಿ, ಹುಡುಗನು ಒಂದು ಕನ್ನಡಿಯ ಮುಂದೆ ಕುಳಿತು ತನ್ನ ಚಿತ್ರವನ್ನೇ ಬರೆದನು. ಆ ಕಾಗದ ಇಂದಿಗೂ ಇದೆ. ಸೀಸದ ಕಡ್ಡಿ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಬರೆದದ್ದು ಮೊನೆ ಮಾಡಿದ ಬೆಳ್ಳಿಯ ಕಡ್ಡಿಯಿಂದ. ಎಲುಬಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಕಾಗದಕ್ಕೆ ಬಳಿದು ಒಣಗಿಸುತ್ತಿದ್ದರು. ಆ ಒರಟು ಮೈಯ ಮೇಲೆ ಬೆಳ್ಳಿ ಸವೆದು ಬೂದುಬಣ್ಣದ ಗೆರೆ ಬೀಳುತ್ತಿತ್ತು. ಕಾಲಾಂತರದಲ್ಲಿ ಅದು ಕಂದಿ ಕಂದುಬಣ್ಣಕ್ಕೆ ತಿರುಗುತ್ತಿತ್ತು. ಈ ಗೆರೆಯ ಗುಣವೇನೆಂದರೆ, ಒಮ್ಮೆ ಬಿದ್ದರೆ ಅಳಿಸುವಂತಿಲ್ಲ. ಆದ್ದರಿಂದ ಬರೆಯುವ ಮೊದಲು ನೋಡಬೇಕು, ಚೆನ್ನಾಗಿ ನೋಡಬೇಕು. ಹುಡುಗನ ಕೆನ್ನೆ ಗುಂಡಗಿದೆ, ಕೂದಲು ನೇರವಾಗಿ ಇಳಿದಿದೆ, ಒಂದು ಕೈಯ ಬೆರಳು ಏನನ್ನೋ ತೋರಿಸುತ್ತಿದೆ. ಬರೆಯುತ್ತಿದ್ದ ಕೈ ಮಾತ್ರ ಅಂಗಿಯ ತೋಳಿನೊಳಗೆ ಅಡಗಿದೆ. ಚಲಿಸುತ್ತಿದ್ದ ಕೈಯನ್ನು ಆತನಿಗೆ ನೋಡಲಾಗಲಿಲ್ಲ. ನೋಡಲಾಗದ್ದನ್ನು ಬರೆಯಲಿಲ್ಲ ಎಂದು ನಾವು ತಿಳಿಯುತ್ತೇವೆ. ಎಷ್ಟೋ ವರ್ಷಗಳ ಮೇಲೆ, ಹೆಸರುವಾಸಿಯಾದ ಬಳಿಕ, ತಾನು ಮಗುವಾಗಿದ್ದಾಗ ಕನ್ನಡಿಯಲ್ಲಿ ನೋಡಿ ಬರೆದದ್ದೆಂದು ಅದರ ಮೂಲೆಯಲ್ಲಿ ಒಂದು ಷರಾ ಸೇರಿಸಿದನು.

ಚಿನ್ನದ ಕೆಲಸಕ್ಕಿಂತ ಚಿತ್ರವೇ ಬೇಕೆಂದು ಮಗ ಹಟ ಹಿಡಿದಾಗ ತಂದೆಗೆ ಬೇಸರವಾಯಿತು. ಅಷ್ಟು ವರ್ಷ ಕಲಿಸಿದ್ದು ವ್ಯರ್ಥವಾಯಿತಲ್ಲ ಎಂಬ ಕೊರಗು. ಆದರೂ ತಡೆಯಲಿಲ್ಲ. 1486ರಲ್ಲಿ ಆ ಊರಿನ ಹೆಸರಾಂತ ಚಿತ್ರಕಾರ ಮಿಖಾಯೆಲ್ ವೊಲ್ಗೆಮುಟನ ಬಳಿ ಮೂರು ವರ್ಷದ ಶಿಷ್ಯವೃತ್ತಿಗೆ ಬಿಟ್ಟನು. ಡ್ಯೂರರನ ಜ್ಞಾನಪಿತನಾಗಿದ್ದ ಆಂಟನ್ ಕೊಬರ್ಗರ್ ಆ ಕಾಲದ ದೊಡ್ಡ ಮುದ್ರಣಾಲಯವೊಂದರ ಒಡೆಯ. ಹೀಗಾಗಿ ಬಣ್ಣದ ವಾಸನೆಯೊಂದಿಗೆ ಅಚ್ಚಿನ ಶಾಯಿಯ ವಾಸನೆಯೂ ಹುಡುಗನಿಗೆ ಸಣ್ಣಂದಿನಿಂದಲೇ ಹತ್ತಿತು.

ಶಿಷ್ಯವೃತ್ತಿ ಮುಗಿದವರು ಊರೂರು ತಿರುಗಿ ಕೆಲಸ ಕಲಿಯುವುದು ಅಲ್ಲಿನ ರೂಢಿ. 1490ರಲ್ಲಿ ಡ್ಯೂರರ್ ಹೊರಟನು. ಕೋಲ್ಮಾರ್ ಪಟ್ಟಣದ ಮಾರ್ಟಿನ್ ಶೊಂಗಾವರ್ ಎಂಬ ಹಿರಿಯ ಚಿತ್ರಕಾರನನ್ನು ಕಂಡು ಅವನ ಕೈಕೆಳಗೆ ಕಲಿಯಬೇಕೆಂಬ ಆಸೆ. 1492ರಲ್ಲಿ ಅಲ್ಲಿಗೆ ಮುಟ್ಟುವಾಗ ಶೊಂಗಾವರ್ ತೀರಿಹೋಗಿ ವರ್ಷ ದಾಟಿತ್ತು. ಆತನ ತಮ್ಮಂದಿರು ಆದರದಿಂದ ಬರಮಾಡಿಕೊಂಡರು. ಗುರುವಿಲ್ಲದೆ ಹೋದ ಮೇಲೆ ಸಿಕ್ಕಿದ್ದೇ ಗುರು. 1493ರ ಒಂದು ಕಾಗದದ ಒಂದು ಮಗ್ಗುಲಲ್ಲಿ ಆತನು ತನ್ನ ಮುಖವನ್ನೂ ಕೈಯನ್ನೂ ಒಂದು ತಲೆದಿಂಬನ್ನೂ ಬರೆದಿದ್ದಾನೆ; ಕಾಗದವನ್ನು ತಿರುವಿದರೆ ಆರು ತಲೆದಿಂಬುಗಳು. ಒಂದೇ ದಿಂಬನ್ನು ಗುದ್ದಿ, ಮಡಚಿ, ಹಿಂಡಿ ಇಟ್ಟಂತೆ ಆರು ರೂಪ. ಆರರ ಮಡಿಕೆಗಳೂ ಬೇರೆ, ನೆರಳುಗಳೂ ಬೇರೆ. ಇಪ್ಪತ್ತೆರಡರ ತರುಣನೊಬ್ಬ ಪರವೂರಿನಲ್ಲಿ ಕುಳಿತು ತಲೆದಿಂಬನ್ನು ಆರು ಸಲ ನೋಡುತ್ತಾನೆಂದರೆ ನೆರೆಮನೆಯವರು ಏನೆಂದುಕೊಂಡಿರಬೇಡ!

1494ರಲ್ಲಿ ಊರಿಗೆ ಮರಳುವಷ್ಟರಲ್ಲಿ ತಂದೆ ಹೆಣ್ಣು ನೋಡಿ ಇಟ್ಟಾಗಿತ್ತು. ಹಾನ್ಸ್ ಫ್ರೈ ಎಂಬವನ ಮಗಳು ಆಗ್ನೆಸ್. ಇನ್ನೂರು ಗುಲ್ಡನ್ ವರದಕ್ಷಿಣೆ. ಜುಲೈ 7ರಂದು ಮದುವೆ. ಈ ವಿಷಯದಲ್ಲಿ ನ್ಯೂರೆಂಬರ್ಗಿಗೂ ನಮ್ಮ ಊರುಗಳಿಗೂ ದೊಡ್ಡ ಭೇದವಿರಲಿಲ್ಲವೆನ್ನಬೇಕು. ಮದುವೆಯ ಆಸುಪಾಸಿನಲ್ಲೇ ಡ್ಯೂರರ್ ಆಕೆಯ ಒಂದು ಸಣ್ಣ ಚಿತ್ರ ಬರೆದನು. ಮೇಜಿನ ಮುಂದೆ ಕುಳಿತು, ಕೈಯಲ್ಲಿ ಗಲ್ಲವನ್ನು ಊರಿ, ತೂಕಡಿಸುತ್ತಿರುವಂತಿದೆ. ಕೂದಲು ಕೆದರಿದೆ. ಹತ್ತಿಪ್ಪತ್ತು ಗೆರೆಗಳಲ್ಲಿ ಗೀಚಿದ ಚಿತ್ರ. ಕೆಳಗೆ ನನ್ನ ಆಗ್ನೆಸ್ ಎಂಬ ಎರಡೇ ಶಬ್ದ. ಅವರಿಗೆ ಮಕ್ಕಳಾಗಲಿಲ್ಲ. ಆಕೆ ಗಂಡನ ಅಚ್ಚಿನ ಚಿತ್ರಗಳನ್ನು ಸಂತೆ ಜಾತ್ರೆಗಳಿಗೆ ಒಯ್ದು ಮಾರಿದಳು. ಆಕೆ ಜಿಪುಣಿ, ಗಯ್ಯಾಳಿ ಎಂದು ಡ್ಯೂರರನ ಗೆಳೆಯ ಪಿರ್ಕ್‌ಹೈಮರ್ ಆತನು ಸತ್ತ ಮೇಲೆ ದೂರಿದ್ದುಂಟು. ಗಂಡನ ಗೆಳೆಯರು ಹೆಂಡತಿಯ ಬಗ್ಗೆ ಹೇಳುವ ಮಾತನ್ನು ನಾವು ಅರ್ಧಕ್ಕೆ ಅರ್ಧ ಕಡಿಮೆಮಾಡಿಯೇ ಕೇಳುವುದು.

ಅದೇ ವರ್ಷ ಶರತ್ಕಾಲದಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿ ಇಟೆಲಿಗೆ ಹೋದನು. ದಾರಿಯಲ್ಲಿ ಕಂಡ ಕೋಟೆ, ಕಣಿವೆ, ಹೊಳೆದಂಡೆಯ ಊರುಗಳನ್ನು ನೀರುಬಣ್ಣದಲ್ಲಿ ಬರೆದನು. ದೇವರ ಚಿತ್ರದ ಹಿಂದೆ ಪರದೆಯಂತೆ ಬೆಟ್ಟ ಬರೆಯುವುದು ವಾಡಿಕೆಯಾಗಿದ್ದ ಕಾಲದಲ್ಲಿ, ಬೆಟ್ಟವನ್ನು ಬೆಟ್ಟಕ್ಕಾಗಿಯೇ ಬರೆದವರು ಯುರೋಪಿನಲ್ಲಿ ತೀರ ಕಡಿಮೆ.

ಹೊಟ್ಟೆಪಾಡಿಗೂ ಕೀರ್ತಿಗೂ ಮಾತ್ರ ಮರದಚ್ಚು, ತಾಮ್ರದ ತಗಡಿನ ಕೆತ್ತನೆಗಳೇ ಆಧಾರ. 1498ರಲ್ಲಿ ಪ್ರಳಯದ ದರ್ಶನವನ್ನು ಕುರಿತ 15 ದೊಡ್ಡ ಮರದಚ್ಚಿನ ಚಿತ್ರಗಳ ಪುಸ್ತಕವನ್ನು ತಾನೇ ಪ್ರಕಟಿಸಿ ಒಮ್ಮೆಲೇ ಪ್ರಸಿದ್ಧನಾದನು. ಬಣ್ಣದ ಪಟ ಒಬ್ಬ ಶ್ರೀಮಂತನ ಗೋಡೆಗೆ ಹೋಗುತ್ತದೆ. ಅಚ್ಚಿನ ಹಾಳೆ ನೂರಾರು ಮನೆಗೆ ಹೋಗುತ್ತದೆ. ಪತ್ರಿಕೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ದೊಡ್ಡ ಎ ಅಕ್ಷರದ ಕಾಲುಗಳ ನಡುವೆ ಸಣ್ಣ ಡಿ ಅಕ್ಷರವಿಟ್ಟ ಆತನ ಗುರುತನ್ನು ಇತರರು ಕದ್ದು ಬಳಸುವಷ್ಟರ ಮಟ್ಟಿಗೆ ವ್ಯಾಪಾರ ಬೆಳೆಯಿತು.

ಇಷ್ಟೆಲ್ಲ ಗಿರಾಕಿಗಳಿಗಾಗಿ ಮಾಡಿದ ಕೆಲಸ. ಗಿರಾಕಿ ಕೇಳದೆ ಮಾಡಿದ ಕೆಲಸಗಳೂ ಇವೆ. 1502ರಲ್ಲಿ ಒಂದು ಮೊಲವನ್ನು ಬರೆದನು. ಒಂದು ಗೇಣಿಗಿಂತ ಸ್ವಲ್ಪ ದೊಡ್ಡ ಕಾಗದ. ಬೆನ್ನಿನ ರೋಮ ಒಂದು ದಿಕ್ಕಿಗೆ, ಪಕ್ಕೆಯದು ಇನ್ನೊಂದಕ್ಕೆ, ಎದೆಯದು ಮತ್ತೊಂದಕ್ಕೆ. ಕಿವಿಯ ಅಂಚಿನ ರೋಮ ಗಿಡ್ಡ, ಹೊಟ್ಟೆಯದು ಮೆತ್ತಗೆ. ಕಣ್ಣಿನಲ್ಲಿ ಒಂದು ಕಿಟಿಕಿಯ ಚೌಕಟ್ಟು ಪ್ರತಿಫಲಿಸಿದೆ. ಮೊಲವನ್ನು ಬರೆದದ್ದು ಕೋಣೆಯೊಳಗೆಂದು ಊಹಿಸುವವರು ಆ ಕಿಟಿಕಿಯನ್ನೇ ಸಾಕ್ಷಿಗೆ ಕರೆಯುತ್ತಾರೆ. ಮೊಲ ಹೆದರಿದೆಯೋ, ನಿದ್ದೆಗೆ ಜಾರುತ್ತಿದೆಯೋ ಹೇಳಬರುವಂತಿಲ್ಲ. ಕಿವಿಗಳು ಮಾತ್ರ ಎಚ್ಚರವಾಗಿವೆ.

ಮರುವರ್ಷ, 1503ರಲ್ಲಿ, ಹುಲ್ಲಿನ ಚಿತ್ರ. ನಮ್ಮ ಗದ್ದೆಯ ಹುಣಿಯಿಂದ ಒಂದು ಹಾರೆಯಷ್ಟು ಮಣ್ಣನ್ನು ಹುಲ್ಲುಸಹಿತ ಎತ್ತಿ ಜಗಲಿಯ ಮೇಲೆ ಇಟ್ಟರೆ ಹೇಗಿರುತ್ತದೆ? ಹಾಗಿದೆ. ತೆನೆ ಬಿಟ್ಟ ಹುಲ್ಲು, ಅಗಲ ಎಲೆಯ ಬಾಳೆಸೊಪ್ಪಿನಂಥ ಒಂದು ಕಳೆ, ಮೊಗ್ಗು ಮುಚ್ಚಿಕೊಂಡ ಡ್ಯಾಂಡೆಲಿಯನ್ ಎಂಬ ಹಳದಿ ಹೂವಿನ ಗಿಡ, ಗರಿಯಂತೆ ಸೀಳಿದ ಎಲೆಯ ಇನ್ನೊಂದು. ಹಸುರು ಒಂದೇ ಅಲ್ಲ, ಎಷ್ಟೋ ಬಗೆ. ಕೆಳಗೆ ಕೆಸರು, ಕೆಲವೆಡೆ ಮಣ್ಣು ಸರಿದು ಬೇರಿನ ಎಳೆ ಕಾಣುತ್ತದೆ. ಹಿಂದೆ ಆಕಾಶವಿಲ್ಲ, ಮನೆಯಿಲ್ಲ, ಬರಿಯ ಕಾಗದ. ನೋಡುವವನ ಕಣ್ಣು ಹುಲ್ಲಿನ ಬುಡದ ಮಟ್ಟದಲ್ಲಿದೆ; ಬರೆಯುವವನು ನೆಲಕ್ಕೆ ಕೆನ್ನೆ ತಾಗಿಸಿ ಮಲಗಿದ್ದನೋ ಎನಿಸುತ್ತದೆ. ಸಸ್ಯಶಾಸ್ತ್ರದವರು ಆ ಚಿತ್ರದಿಂದಲೇ ಒಂದೊಂದು ಗಿಡದ ಜಾತಿಯನ್ನು ಗುರುತಿಸಿದ್ದಾರೆ. ಆ ಗಿಡಗಳಲ್ಲಿ ಯಾವುದಕ್ಕೂ ಬೆಲೆಯಿಲ್ಲ. ಬೇಸಾಯಗಾರನು ಕಿತ್ತು ಬಿಸಾಡುವ ಕಳೆ. ನಾವು ಈ ಚಿತ್ರಗಳನ್ನು ಪುಸ್ತಕದ ಪ್ರತಿಗಳಲ್ಲಿ ಮಾತ್ರ ನೋಡಿದವರು. ಆದರೂ ಹುಲ್ಲಿನ ಈ ಚಿತ್ರ ಕಂಡ ಮೇಲೆ ಮಳೆಗಾಲದ ಅಂಗಳದಂಚನ್ನು ಮೆಟ್ಟಿ ದಾಟುವಾಗ ಕಾಲು ಒಮ್ಮೆ ತಡೆದದ್ದುಂಟು.

ಹಕ್ಕಿಯ ಒಂದು ರೆಕ್ಕೆಯನ್ನೂ ಬರೆದಿದ್ದಾನೆ. ನಮ್ಮ ನೀಲಕಂಠಕ್ಕೆ ಹತ್ತಿರದ ಬಂಧುವಾದ ಯುರೋಪಿನ ಹಕ್ಕಿಯದು. ಸತ್ತ ಹಕ್ಕಿಯ ರೆಕ್ಕೆಯನ್ನು ಬಿಡಿಸಿ ಹರಡಿಟ್ಟು, ನೀಲಿ ಎಲ್ಲಿ ಹಸುರಾಗುತ್ತದೆ, ಹಸುರು ಎಲ್ಲಿ ಕಂದಾಗುತ್ತದೆ ಎಂದು ಗರಿಗರಿಯಾಗಿ ಹಿಂಬಾಲಿಸಿದ್ದಾನೆ. ಬುಡದಲ್ಲಿ ಹರಿದ ಮಾಂಸವನ್ನೂ ಬಿಟ್ಟಿಲ್ಲ.

ಡ್ಯೂರರನ ಹೆಸರು ಕೇಳದವರೂ ಆತನ ಒಂದು ಚಿತ್ರವನ್ನು ನೋಡಿಯೇ ಇರುತ್ತಾರೆ: ಪ್ರಾರ್ಥನೆಗೆ ಜೋಡಿಸಿದ ಎರಡು ಕೈಗಳು. ಇಗರ್ಜಿಯ ಕಾರ್ಡುಗಳಲ್ಲಿ, ಕ್ಯಾಲೆಂಡರುಗಳಲ್ಲಿ ಅದು ಲೋಕವನ್ನೆಲ್ಲ ಸುತ್ತಿದೆ. ಅದರ ಬೆನ್ನಿಗೆ ಒಂದು ಕಥೆಯೂ ಸುತ್ತುತ್ತಿದೆ: ಡ್ಯೂರರನ ಓದಿಗಾಗಿ ಗಣಿಯಲ್ಲಿ ದುಡಿದು ಬೆರಳು ಸೊಟ್ಟಗಾದ ಸೋದರನ ಕೈಗಳವು ಎಂದು. ಕಣ್ಣೀರು ತರಿಸುವ ಕಥೆ, ಆದರೆ ಸುಳ್ಳು. ಫ್ರಾಂಕ್‌ಫರ್ಟಿನ ವರ್ತಕ ಯಾಕೋಬ್ ಹೆಲ್ಲರನು ಇಗರ್ಜಿಗೆ ಹೇಳಿ ಮಾಡಿಸಿದ ದೊಡ್ಡ ಪಟದಲ್ಲಿ ಒಬ್ಬ ಶಿಷ್ಯನ ಕೈಗಳು ಹೇಗಿರಬೇಕೆಂದು ತಿಳಿಯಲು 1508ರಲ್ಲಿ ನೀಲಿ ಕಾಗದದ ಮೇಲೆ ಕುಂಚದಿಂದ ಮಾಡಿಕೊಂಡ ಅಭ್ಯಾಸ ಅದು. ತಮಾಷೆಯೆಂದರೆ, ವರ್ಷಗಟ್ಟಲೆ ದುಡಿದು ಹಣಕ್ಕಾಗಿ ಹೆಲ್ಲರನೊಂದಿಗೆ ಜಗಳಾಡಿ ಮುಗಿಸಿದ ಆ ಪಟದ ನಡುಭಾಗ 1729ರಲ್ಲಿ ಮ್ಯೂನಿಕ್ ಅರಮನೆಯ ಬೆಂಕಿಯಲ್ಲಿ ಸುಟ್ಟುಹೋಯಿತು. ಅಭ್ಯಾಸದ ಕಾಗದ ಉಳಿಯಿತು.

ಇನ್ನು ತಾಯಿಯ ಚಿತ್ರ. ತಂದೆ 1502ರಲ್ಲಿ ತೀರಿಕೊಂಡ ಎರಡು ವರ್ಷಗಳಲ್ಲಿ ಕೈ ಬರಿದಾದ ತಾಯಿಯನ್ನು ಡ್ಯೂರರ್ ತನ್ನ ಮನೆಗೆ ಕರೆತಂದನು. ಆಕೆ ಹತ್ತು ವರ್ಷ ಮಗನ ಬಳಿ ಇದ್ದಳು. 1513ರ ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಹಠಾತ್ತಾಗಿ ಹಾಸಿಗೆ ಹಿಡಿದವಳು ಮತ್ತೆ ಪೂರ್ತಿ ಚೇತರಿಸಲಿಲ್ಲ. 1514ರ ಮಾರ್ಚ್ 19ರಂದು ಮಗನು ದೊಡ್ಡದೊಂದು ಕಾಗದವನ್ನೂ ಇದ್ದಿಲ ಕಡ್ಡಿಯನ್ನೂ ತೆಗೆದುಕೊಂಡು ಆಕೆಯ ಎದುರು ಕುಳಿತನು. 63ರ ಪ್ರಾಯ. ಕೆನ್ನೆ ಒಳಗೆ ಹೋಗಿದೆ, ಹಣೆಯಲ್ಲಿ ಗೆರೆಗಳು, ಕತ್ತಿನ ನರಗಳು ಹಗ್ಗದಂತೆ ಎದ್ದಿವೆ. ಕಣ್ಣುಗಳು ದೊಡ್ಡವು, ನಮ್ಮನ್ನು ನೋಡುತ್ತಿಲ್ಲ. ತುಟಿ ಬಿಗಿದಿದೆ. ಯಾವುದನ್ನೂ ಮೆದುಮಾಡಿಲ್ಲ. ಹದಿನೆಂಟು ಹೆತ್ತು ಹದಿನೈದನ್ನು ಕಳಕೊಂಡ ಹೆಂಗಸಿನ ಮುಖ ಹೇಗಿರುತ್ತದೋ ಹಾಗಿದೆ.

ತಾಯಿಯನ್ನು ಹೀಗೆ ಬರೆಯುವುದೇ ಎಂದು ಕೇಳುವವರಿದ್ದಾರೆ. ನಮ್ಮ ಮನೆಗಳಲ್ಲಿ ಹಿರಿಯರ ಪಟ ಗೋಡೆಗೇರುವಾಗ ಸುಕ್ಕು ತಿದ್ದಿಸಿ, ಕೂದಲು ಕಪ್ಪುಮಾಡಿಸಿ ಏರಿಸುವುದು ಕಂಡದ್ದೇ. ಅದೂ ಪ್ರೀತಿಯೇ ಇರಬಹುದು. ಆದರೆ ಡ್ಯೂರರನ ಪ್ರೀತಿ ಬೇರೆ ತರದ್ದು. ಬರೆಯಬೇಕಾದರೆ ಎವೆಯಿಕ್ಕದೆ ನೋಡಬೇಕಷ್ಟೆ. ಸಾಯುತ್ತಿರುವವರ ಮುಖವನ್ನು ಅಷ್ಟು ಹೊತ್ತು ನೋಡುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗುಂಟು? ಕಷಾಯ ಕೊಡುವ ನೆಪದಲ್ಲಿ, ಹೊದಿಕೆ ಸರಿಮಾಡುವ ನೆಪದಲ್ಲಿ ನಾವು ಕಣ್ಣು ತಪ್ಪಿಸುತ್ತೇವೆ. ಆ ಮಾರ್ಚಿ ತಿಂಗಳ ದಿನ ಆ ಮಗ ತಪ್ಪಿಸಲಿಲ್ಲ. ಎರಡು ತಿಂಗಳ ಬಳಿಕ, ಮೇ 17ರಂದು, ತಾಯಿ ತೀರಿಕೊಂಡಳು. ಮಗನು ಅದೇ ಚಿತ್ರವನ್ನು ಮತ್ತೆ ಹೊರತೆಗೆದು, ಸತ್ತ ದಿನವನ್ನೂ ಕತ್ತಲಾಗುವುದಕ್ಕೆ ಎಷ್ಟು ಹೊತ್ತು ಮುಂಚೆ ಎಂಬುದನ್ನೂ ಶಾಯಿಯಲ್ಲಿ ಬರೆದಿಟ್ಟನು. ಟಿಪ್ಪಣಿ ಪುಸ್ತಕದಲ್ಲಿ ಆಕೆಯ ಬಡತನ, ಬೇನೆ, ದೇವರ ಭಕ್ತಿ ಎಲ್ಲವನ್ನೂ ಹೇಳಿ, ಸತ್ತ ಮೇಲೆ ಆಕೆಯ ಮುಖ ಬದುಕಿದ್ದಾಗಿನದಕ್ಕಿಂತ ಸೌಮ್ಯವಾಗಿ ಕಂಡಿತೆಂದೂ ಬರೆದನು. ಆಗಲೂ ನೋಡುತ್ತಲೇ ಇದ್ದನು.

ಇಷ್ಟಾಗಿ, ಡ್ಯೂರರನ ಅತ್ಯಂತ ಪ್ರಸಿದ್ಧವಾದ ಪ್ರಾಣಿಯ ಚಿತ್ರ ಆತನು ನೋಡದೆ ಬರೆದದ್ದು! ಈ ಕಥೆಯ ಆರಂಭ ನಮ್ಮ ಪಡುವಣ ಕರಾವಳಿಯಲ್ಲೇ ಇದೆ. ಗೋವೆಯನ್ನು ಹಿಡಿದಿದ್ದ ಪೋರ್ಚುಗೀಸ್ ಅಧಿಕಾರಿ ಅಲ್ಬುಕರ್ಕನು ದೀವ್‌ನಲ್ಲಿ ಕೋಟೆ ಕಟ್ಟಲು ಅಪ್ಪಣೆ ಕೇಳಿ 1514ರಲ್ಲಿ ಗುಜರಾತಿನ ಸುಲ್ತಾನ ಮುಜಫರನ ಬಳಿಗೆ ದೂತರನ್ನು ಕಳುಹಿಸಿದನು. ಸುಲ್ತಾನ ಅಪ್ಪಣೆ ಕೊಡಲಿಲ್ಲ. ಉಪಚಾರಕ್ಕೆಂದು ಒಂದು ಜೀವಂತ ಘೇಂಡಾಮೃಗವನ್ನು ಕೊಟ್ಟನು. ಅಲ್ಬುಕರ್ಕನು ಅದನ್ನು ತನ್ನ ದೊರೆ ಮನುವೆಲನಿಗೆ ಸಾಗಿಸಿದನು. 1515ರ ಜನವರಿಯಲ್ಲಿ ಗೋವೆ ಬಿಟ್ಟ ಹಡಗು ಮೇ 20ರಂದು ಲಿಸ್ಬನ್ ಸೇರಿತು. ರೋಮನರ ಕಾಲದ ಬಳಿಕ ಯುರೋಪು ಕಂಡ ಮೊದಲ ಘೇಂಡಾಮೃಗ. ಆನೆಯೊಂದಿಗೆ ಕಾಳಗಕ್ಕೆ ಬಿಟ್ಟರು, ಆನೆ ಓಡಿಹೋಯಿತು.

ಲಿಸ್ಬನ್ನಿನಿಂದ ನ್ಯೂರೆಂಬರ್ಗಿಗೆ ಒಂದು ಕಾಗದ ಬಂತು, ಜೊತೆಗೆ ಯಾರೋ ಗೀಚಿದ ಒಂದು ಚಿತ್ರ. ಅಷ್ಟನ್ನೇ ಇಟ್ಟುಕೊಂಡು ಡ್ಯೂರರ್ ಮರದಚ್ಚು ತಯಾರಿಸಿದನು. ಪ್ರಾಣಿಯ ಮೈಗೆ ಯೋಧನ ಉಕ್ಕಿನ ಕವಚದಂತೆ ಫಲಕಗಳು, ಕಾಲುಗಳಿಗೆ ಹುರುಪೆ, ಮೂಗಿನ ಕೊಂಬು ಸಾಲದೆಂಬಂತೆ ಹೆಗಲ ಮೇಲೆ ಸಣ್ಣದೊಂದು ತಿರುಚಿದ ಕೊಂಬು. ಹೆಗಲಿನ ಆ ಕೊಂಬು ಲೋಕದ ಯಾವ ಘೇಂಡಾಮೃಗಕ್ಕೂ ಇಲ್ಲ. ಅದೇ ವರ್ಷ ಔಗ್ಸ್‌ಬರ್ಗಿನ ಬುರ್ಗ್‌ಕ್‌ಮೈರ್ ಎಂಬವನೂ ಒಂದು ಅಚ್ಚು ಮಾಡಿದನು. ಅದು ನಿಜಕ್ಕೆ ಹೆಚ್ಚು ಹತ್ತಿರ. ಆದರೆ ಜನರಿಗೆ ಬೇಕಾದದ್ದು ಡ್ಯೂರರನ ಕವಚಧಾರಿಯೇ. ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಪ್ರಾಣಿಶಾಸ್ತ್ರದ ಪುಸ್ತಕಗಳು ಆ ಹುಸಿಕೊಂಬನ್ನು ಪ್ರತಿಮಾಡಿದವು. 1741ರಲ್ಲಿ ಭಾರತದಿಂದ ಹೋದ ಕ್ಲಾರಾ ಎಂಬ ಹೆಣ್ಣು ಘೇಂಡಾಮೃಗ ಊರೂರು ಮೆರೆದು ಚಿತ್ರಕಾರರ ಕಣ್ಣಿಗೆ ಬಿದ್ದ ಮೇಲೆಯೇ ಆ ಕೊಂಬು ಮೆಲ್ಲಗೆ ಉದುರತೊಡಗಿತು. ಗೋವೆಯಿಂದ ಹೋದ ಮೂಲ ಪ್ರಾಣಿಯ ಗತಿಯಾದರೋ ದಾರುಣ. ಪೋಪರಿಗೆ ಉಡುಗೊರೆಯಾಗಿ ಕಳುಹಿಸಿದ ಹಡಗು 1516ರ ಆದಿಯಲ್ಲಿ ಇಟೆಲಿಯ ಕರೆಯಲ್ಲಿ ಒಡೆದು, ಸರಪಳಿ ಬಿಗಿದಿದ್ದ ಮೃಗ ಮುಳುಗಿ ಸತ್ತಿತು.

ನೋಡದೆ ಬರೆದದ್ದಕ್ಕೆ ಇಷ್ಟು ಜಯಕಾರ ಸಿಕ್ಕಿದವನು ಮುಂದೆ ನೋಡುವ ತೊಂದರೆಯನ್ನು ಏಕೆ ತೆಗೆದುಕೊಳ್ಳಬೇಕು? ಡ್ಯೂರರ್ ತೆಗೆದುಕೊಂಡನು. ನಮಗೆ ಆತನ ಮೇಲೆ ಗೌರವ ಹುಟ್ಟುವುದು ಇಲ್ಲಿಯೇ.

ಚಕ್ರವರ್ತಿ ಮ್ಯಾಕ್ಸಿಮಿಲಿಯನ್ ಆತನಿಗೆ ವರ್ಷಕ್ಕೆ ನೂರು ಗುಲ್ಡನ್ ವಿಶ್ರಾಂತಿವೇತನ ನಿಶ್ಚಯಿಸಿದ್ದನು. 1519ರಲ್ಲಿ ಚಕ್ರವರ್ತಿ ಸತ್ತ ಮೇಲೆ ಪಾವತಿ ನಿಂತಿತು. ಹೊಸ ಚಕ್ರವರ್ತಿಯಿಂದ ಅದನ್ನು ಖಾಯಂ ಮಾಡಿಸಿಕೊಳ್ಳಲು 1520ರ ಜುಲೈ 12ರಂದು ಹೆಂಡತಿಯನ್ನೂ ಮನೆಗೆಲಸದವಳು ಸುಸಾನಳನ್ನೂ ಕರೆದುಕೊಂಡು ನೆದರ್ಲೆಂಡ್ಸಿಗೆ ಹೊರಟನು. ಸರಕಾರದ ಪಿಂಚಣಿಗಾಗಿ ಕಚೇರಿ ಅಲೆದವರಿಗೆ ಆತನ ದಿನಚರಿ ಚಿರಪರಿಚಿತವೆನಿಸೀತು. ಪೈಸೆ ಪೈಸೆಯ ಲೆಕ್ಕ. ಯಾರ ಮನೆಯಲ್ಲಿ ಊಟ, ಯಾರಿಗೆ ಯಾವ ಚಿತ್ರ ಕೊಟ್ಟದ್ದು, ಜೂಜಿನಲ್ಲಿ ಕಳಕೊಂಡದ್ದೆಷ್ಟು. ಕೆಲಸವೇನೋ ಆ ನವೆಂಬರಿನಲ್ಲೇ ಆಯಿತು. ಆದರೆ ಆತನು ಮರಳಲಿಲ್ಲ. ನೋಡುವುದು ಇನ್ನೂ ಇತ್ತು.

ಬ್ರಸೆಲ್ಸಿನಲ್ಲಿ ಮೆಕ್ಸಿಕೋದಿಂದ ಬಂದ ಬಂಗಾರದ ಸೂರ್ಯ, ಬೆಳ್ಳಿಯ ಚಂದ್ರ, ಆಯುಧಗಳು, ವಿಚಿತ್ರ ಉಡುಪುಗಳನ್ನು ನೋಡಿ, ಕಾಣದ ದೇಶದ ಆ ಕೈಗಳ ಜಾಣ್ಮೆಗೆ ಬೆರಗಾದನು. ಅದರಲ್ಲಿನ ಚಿನ್ನವನ್ನು ತೂಗಿದವರೇ ಹೆಚ್ಚಿದ್ದ ಕಾಲವದು. ಆಂಟ್‌ವರ್ಪಿನಲ್ಲಿ 93 ವರ್ಷದ ಒಬ್ಬ ಮುದುಕನನ್ನು ಕೂರಿಸಿ ಗಡ್ಡದ ಒಂದೊಂದು ಎಳೆಯನ್ನೂ ಬರೆದು, ಈ ಪ್ರಾಯದಲ್ಲೂ ಆರೋಗ್ಯವಾಗಿದ್ದಾನೆಂದು ಮೇಲೆ ಗುರುತು ಹಾಕಿದನು. ಪೋರ್ಚುಗೀಸ್ ವ್ಯಾಪಾರಿಯೊಬ್ಬನ ಮನೆಯಲ್ಲಿ ಊಳಿಗಕ್ಕಿದ್ದ ಆಫ್ರಿಕದ ಹೆಣ್ಣುಮಗಳು ಕತರೀನಾ, ಇಪ್ಪತ್ತು ವರ್ಷದವಳು. ಅವಳನ್ನು ಬೆಳ್ಳಿಕಡ್ಡಿಯಲ್ಲಿ ಬರೆದನು. ಕಣ್ಣು ಕೆಳಗಿಳಿದಿದೆ. ಆಕೆಯ ಹೆಸರು, ಪ್ರಾಯ, ಮುಖ ಮೂರೂ ಐನೂರು ವರ್ಷ ಉಳಿದದ್ದು ಆ ಒಂದು ಹಾಳೆಯಿಂದ. ಗೆಂಟ್ ಪಟ್ಟಣದಲ್ಲಿ ಸಾಕಿದ್ದ ಸಿಂಹಗಳನ್ನು ನೋಡಿ ಬರೆದನು. ಅದಕ್ಕೆ ಏಳು ವರ್ಷ ಮುಂಚೆ ಸಂತ ಜೆರೋಮನ ಕೋಣೆಯಲ್ಲಿ ಆತನು ಮಲಗಿಸಿದ್ದ ಸಿಂಹ, ನಮ್ಮ ಕಣ್ಣಿಗಂತೂ, ದೊಡ್ಡದೊಂದು ಮನೆಬೆಕ್ಕು. ಗೆಂಟಿನ ಸಿಂಹ ಬೆಕ್ಕಲ್ಲ.

ಆ ವರ್ಷದ ಚಳಿಗಾಲದಲ್ಲಿ, ಝೀಲೆಂಡ್ ಎಂಬ ದ್ವೀಪಸೀಮೆಯ ಕಡಲದಡಕ್ಕೆ ಭಾರೀ ತಿಮಿಂಗಿಲವೊಂದು ಬಿದ್ದಿದೆಯೆಂಬ ಸುದ್ದಿ ಬಂತು. ನೂರು ಮಾರಿಗಿಂತ ಉದ್ದವಂತೆ ಎಂದು ಜನರ ಮಾತು. ಮಾತು ಕೇಳಿ ಬರೆಯಬಹುದಿತ್ತು. ಘೇಂಡಾಮೃಗವನ್ನು ಬರೆದ ಕೈಗೆ ತಿಮಿಂಗಿಲವೇನು ಹೆಚ್ಚು? ಆದರೆ ಡಿಸೆಂಬರ್ ಆರಂಭದ ಕೊರೆಯುವ ಚಳಿಯಲ್ಲಿ ಡ್ಯೂರರ್ ಹೊರಟನು. ಆಗ ಆತನಿಗೆ ಸುಮಾರು ಐವತ್ತು ವರ್ಷ. ಆರ್ನೆಮೌಡನ್ ಎಂಬಲ್ಲಿ ದಡ ಸೇರಿ ಜನ ಇಳಿಯುತ್ತಿರುವಾಗ ದೊಡ್ಡ ಹಡಗೊಂದು ಇವರದಕ್ಕೆ ಬಡಿಯಿತು. ಹಗ್ಗ ತುಂಡಾಗಿ, ಬಿರುಗಾಳಿ ಇವರ ಹಡಗನ್ನು ಕಡಲಿಗೆ ತಳ್ಳಿತು. ಅದರಲ್ಲಿ ಉಳಿದವರು ಡ್ಯೂರರ್, ಇನ್ನೊಬ್ಬ ಪ್ರಯಾಣಿಕ, ಇಬ್ಬರು ಮುದುಕಿಯರು, ಒಬ್ಬ ಸಣ್ಣ ಹುಡುಗ, ಹಡಗಿನ ಯಜಮಾನ. ನಾವಿಕರೆಲ್ಲ ದಡದಲ್ಲಿ. ಯಜಮಾನ ತಲೆಕೂದಲು ಕಿತ್ತುಕೊಂಡು ಬೊಬ್ಬೆ ಹೊಡೆದನು. ಡ್ಯೂರರನೇ ಧೈರ್ಯ ಹೇಳಿ, ಏನು ಮಾಡಬಹುದೆಂದು ಕೇಳಿದನು. ಸಣ್ಣ ಹಾಯಿ ಎತ್ತಿದರೆ ಸಾಧ್ಯವೆಂದಾಗ ಎಲ್ಲರೂ ಸೇರಿ ಹೇಗೋ ಅರ್ಧ ಎತ್ತಿದರು. ದಡದವರ ನೆರವೂ ಸಿಕ್ಕಿ ಬದುಕಿ ಬಂದರು.

ಅಷ್ಟು ಪಾಡುಪಟ್ಟು ತಿಮಿಂಗಿಲ ಬಿದ್ದ ಝೀರಿಕ್‌ಝೀಗೆ ಹೋದರೆ, ಭರತ ಏರಿ ಅದನ್ನು ಕಡಲು ವಾಪಸು ಕೊಂಡುಹೋಗಿತ್ತು. ದಿನಚರಿಯಲ್ಲಿ ಅದನ್ನು ಒಂದು ಮಾತಿನಲ್ಲಿ ಮುಗಿಸಿದ್ದಾನೆ. ತಿಮಿಂಗಿಲದ ಚಿತ್ರ ಬರೆಯಲಿಲ್ಲ.

ಮುಂದಿನ ವಸಂತದಲ್ಲಿ ಜ್ವರ ಹಿಡಿಯಿತು. ಮೈ ಸುಡುವುದು, ವಾಕರಿಕೆ, ತಲೆನೋವು, ನಿತ್ರಾಣ. ಝೀಲೆಂಡಿನಲ್ಲಿ ತಗಲಿದ, ಯಾರ ಬಾಯಿಂದಲೂ ಕೇಳದ ಕಾಯಿಲೆಯೆಂದು ಬರೆದುಕೊಂಡನು. ಜೌಗುನೆಲದ ಸೊಳ್ಳೆಯಿಂದ ಬಂದ ಮಲೇರಿಯಾ ಇರಬೇಕೆಂಬುದು ಈಗಿನವರ ಊಹೆ. ಬಿಟ್ಟುಬಿಟ್ಟು ಬರುವ ಆ ಚಳಿಜ್ವರದ ಸ್ವಭಾವವನ್ನು ನಮ್ಮ ಮಲೆಸೀಮೆಯ ಹಳಬರಿಗೆ ವಿವರಿಸಬೇಕಾದ್ದಿಲ್ಲ. 1521ರಲ್ಲಿ ಊರಿಗೆ ಮರಳಿದ ಮೇಲೆಯೂ ಅದು ಆತನನ್ನು ಪೂರ್ತಿ ಬಿಡಲಿಲ್ಲ.

ಬ್ರೆಮೆನ್ ಪಟ್ಟಣದ ಸಂಗ್ರಹದಲ್ಲಿ ಆತನ ಒಂದು ಸಣ್ಣ ಚಿತ್ರವಿದೆ. ಇಸವಿ ಬರೆದಿಲ್ಲ. ಸೊಂಟದವರೆಗೆ ಬಟ್ಟೆಯಿಲ್ಲದೆ ನಿಂತು, ಎಡ ಪಕ್ಕೆಯ ಮೇಲಿನ ಒಂದು ಹಳದಿ ಮಚ್ಚೆಯನ್ನು ಬೆರಳಿನಿಂದ ತೋರಿಸುತ್ತಿದ್ದಾನೆ. ಹಳದಿ ಇರುವಲ್ಲಿ, ಬೆರಳು ತೋರುವಲ್ಲಿ ನೋವು ಎಂದು ಮೇಲೆ ತಿಳಿಸಿದ್ದಾನೆ. ದೂರದ ವೈದ್ಯನಿಗೆ ಕಳುಹಿಸಲು ಬರೆದದ್ದಾಗಿರಬೇಕು. ಹದಿಮೂರರ ಹುಡುಗನ ಬೆರಳು ಏನನ್ನು ತೋರಿಸುತ್ತಿತ್ತೋ ತಿಳಿಯದು. ಈ ಬೆರಳು ತೋರಿಸುವುದು ಸ್ಪಷ್ಟ.

ಕೊನೆಯ ವರ್ಷಗಳನ್ನು ಪುಸ್ತಕ ಬರೆಯುವುದಕ್ಕೆ ಕೊಟ್ಟನು. 1525ರಲ್ಲಿ ಅಳತೆಯ ಶಾಸ್ತ್ರದ ಗ್ರಂಥ ಬಂತು. ವಿದ್ವಾಂಸರು ಲ್ಯಾಟಿನ್ ಬಿಟ್ಟು ಬೇರೆ ಭಾಷೆಯಲ್ಲಿ ಶಾಸ್ತ್ರ ಬರೆಯದಿದ್ದ ಕಾಲದಲ್ಲಿ, ಬಡಗಿಗಳಿಗೂ ಕಲ್ಲುಕುಟಿಗರಿಗೂ ಅಕ್ಕಸಾಲಿಗಳಿಗೂ ತಿಳಿಯಲೆಂದು ಡ್ಯೂರರ್ ಮನೆಮಾತಿನಲ್ಲಿ ಬರೆದನು. ಶಬ್ದವಿಲ್ಲದ ಕಡೆ ಕಸಬಿನವರ ಬಾಯಿಂದಲೇ ಶಬ್ದ ಕಟ್ಟಿದನು: ಒಂದು ವಕ್ರರೇಖೆಗೆ ಮೊಟ್ಟೆಗೆರೆ, ಇನ್ನೊಂದಕ್ಕೆ ಕವೆಗೆರೆ, ಮತ್ತೊಂದಕ್ಕೆ ಸುಡುಗೆರೆ. ಭಾಷೆಗೆ ಇದಾಗದು ಅದಾಗದು ಎನ್ನುವವರ ನಡುವೆ ಬಾಳುವ ನಮಗೆ ಈ ಸಂಗತಿ ಒಂದಿಷ್ಟು ಹಿತವೆನಿಸುತ್ತದೆ. ಆ ಮೊಟ್ಟೆಗೆರೆಯಲ್ಲಿ ಆತನು ತಪ್ಪಿದ್ದೂ ಉಂಟು. ಶಂಕುವನ್ನು ಓರೆಯಾಗಿ ಕೊಯ್ದರೆ ಸಿಗುವ ಆ ಗೆರೆ ಎರಡು ತುದಿಯಲ್ಲೂ ಸಮನಾಗಿರುತ್ತದೆ. ಶಂಕು ಕೆಳಗೆ ಅಗಲ ತಾನೇ ಎಂದು ಯೋಚಿಸಿ ಡ್ಯೂರರ್ ಕೆಳತುದಿಯನ್ನು ನಿಜವಾದ ಕೋಳಿಮೊಟ್ಟೆಯಂತೆ ದಪ್ಪಮಾಡಿಬಿಟ್ಟನು.

ಅದೇ 1525ರ ಜೂನಿನಲ್ಲಿ ಒಂದು ರಾತ್ರಿ, ಆಕಾಶದಿಂದ ನೀರಿನ ಕಂಬಗಳು ಬಿದ್ದು ಲೋಕವೆಲ್ಲ ಮುಳುಗುವ ಕನಸು ಕಂಡನು. ನಡುಗುತ್ತ ಎಚ್ಚರವಾಗಿ, ಬೆಳಿಗ್ಗೆ ಎದ್ದು ಅದನ್ನೂ ಬಣ್ಣದಲ್ಲಿ ಬರೆದನು. ಮೊದಲ ನೀರು ತನ್ನಿಂದ ಎಷ್ಟು ದೂರದಲ್ಲಿ ಬಿತ್ತೆಂಬ ಅಳತೆಯನ್ನೂ ಕೆಳಗೆ ಕೊಟ್ಟಿದ್ದಾನೆ.

1528ರ ಏಪ್ರಿಲ್ 6ರಂದು, 57 ತುಂಬುವ ಮೊದಲೇ, ಡ್ಯೂರರ್ ನ್ಯೂರೆಂಬರ್ಗಿನಲ್ಲಿ ತೀರಿಕೊಂಡನು. ಮನುಷ್ಯದೇಹದ ಪ್ರಮಾಣಗಳನ್ನು ಕುರಿತ ನಾಲ್ಕು ಭಾಗದ ಪುಸ್ತಕ ಆತನು ಸತ್ತ ಮೇಲೆ ಅದೇ ವರ್ಷ ಅಚ್ಚಾಯಿತು. ಆಗ್ನೆಸ್ 1539ರವರೆಗೆ ಬದುಕಿ ಗಂಡನ ಅಚ್ಚುಗಳನ್ನೂ ಪುಸ್ತಕಗಳನ್ನೂ ಹೊರತರುತ್ತಿದ್ದಳು.

ಮೊಲ, ಹುಲ್ಲು, ರೆಕ್ಕೆ, ಜೋಡಿಸಿದ ಕೈಗಳು, ಹದಿಮೂರರ ಹುಡುಗ, ಇವೆಲ್ಲ ಈಗ ಇರುವುದು ವಿಯೆನ್ನಾ ನಗರದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿ. ಬೆಳಕು ತಾಗಿದರೆ ಬಣ್ಣ ಮಾಸುತ್ತದೆಂದು ಮೊಲವನ್ನೂ ಹುಲ್ಲನ್ನೂ ಹೆಚ್ಚಿನ ಕಾಲ ಕತ್ತಲೆಯಲ್ಲೇ ಭದ್ರವಾಗಿ ಇಟ್ಟಿರುತ್ತಾರೆ. ವರ್ಷಗಳಿಗೊಮ್ಮೆ, ಕೆಲವು ವಾರಗಳ ಮಟ್ಟಿಗೆ, ಮಂದ ಬೆಳಕಿನಲ್ಲಿ ಹೊರಗಿಡುತ್ತಾರೆ. ಆಗ ಜನ ಸಾಲು ನಿಂತು ಹೋಗಿ ಆ ಕಳೆಗಿಡಗಳನ್ನು ಬಗ್ಗಿ ನೋಡುತ್ತಾರೆ.